ಮೂರು ತುಂಡಿನ ಕಾದಂಬರಿ

ಭಾನುವಾರ ಬೆಳಿಗ್ಗೆ ನಮ್ಮ ಓದುಗರ ಗುಂಪಿನಿಂದ ಮೊಬೈಲಿಗೆ ಒಂದು ಪ್ರಶ್ನೆ ಬಂದು ಬೀಳುತ್ತದೆ: ‘ಇತ್ತೀಚೆಗೆ ಯಾವ ಪುಸ್ತಕ ಓದಿದಿರಿ?’ ಉಳಿದವರು ಸಾಲುಸಾಲಾಗಿ ಹೆಸರು ಹಾಕುತ್ತಾರೆ. ನನಗೆ ಮಾತ್ರ ಹೆದರಿಕೆಯಾಗುತ್ತದೆ. ಓದದವಳಿಗೆ ಹೆದರಿಕೆ ಸಹಜ ಎನ್ನುವಿರಿ. ಓದಿದ್ದರೂ ಹೆದರಿಕೆಯೇ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಕುಳಿತುಕೊಳ್ಳಿ.

ತೊಂಬತ್ತರ ದಶಕದ ಆರಂಭ. ನಾನು ಪ್ರೀ ಡಿಗ್ರಿ ಮುಗಿಸಿ, ಮುಂದೆ ಎಂತ ಎಂದು ಕೇಳುವವರನ್ನು ಕಂಡರೆ ದಾರಿ ಬದಲಿಸುತ್ತಿದ್ದ ಕಾಲ. ಕಾಸರಗೋಡಿನ ಪುತ್ತಿಗೆಯ ಒಳರಸ್ತೆಯಲ್ಲಿ ಹಾಲಿನ ಸೊಸೈಟಿಯ ಪಕ್ಕ ನಮ್ಮದೊಂದು ವಾಚನಾಲಯವಿತ್ತು. ಅದರಲ್ಲಿ ಮಲಯಾಳದ ಒಂದು ಕಪಾಟು, ಕನ್ನಡದ ಒಂದು ಕಪಾಟು. ಮಲಯಾಳದ್ದಕ್ಕೆ ಹೊಸ ಪುಸ್ತಕ ಬರುತ್ತಿತ್ತು, ಕನ್ನಡದ್ದಕ್ಕೆ ಗೆದ್ದಲು ಬರುತ್ತಿತ್ತು. ಅಪರೂಪಕ್ಕೆ ಹೊಸ ಕನ್ನಡ ಕಾದಂಬರಿ ಬಂದರೆ ಸರದಿ ಕಾಯುವ ತಾಳ್ಮೆ ಯಾರಿಗೂ ಇಲ್ಲ. ಅದಕ್ಕೆ ಕಾರ್ಯದರ್ಶಿ ಶಂಕರ ಮಾಸ್ಟ್ರು, ಶಾಲೆಯಿಂದ ನಿವೃತ್ತರಾದವರು, ಒಂದು ಉಪಾಯ ಮಾಡಿದ್ದರು. ಪುಸ್ತಕದ ಬೆನ್ನು ಬಿಡಿಸಿ ಮೂರು ತುಂಡು ಮಾಡುವುದು, ಗೋಣಿ ಹೊಲಿಯುವ ದಬ್ಬಣದಲ್ಲಿ ಪ್ರತಿ ತುಂಡನ್ನೂ ಹೊಲಿದು ಮೂರು ಮನೆಗೆ ಒಟ್ಟಿಗೇ ಕೊಡುವುದು. ಸಿಕ್ಕಿದ ತುಂಡನ್ನು ಸಿಕ್ಕಿದ ಕ್ರಮದಲ್ಲಿ ಓದಬೇಕು. ಮಗು ಹುಟ್ಟಿದ ಮೇಲೆ ಮದುವೆಯಾಗುವುದು ನಮ್ಮ ಓದಿನಲ್ಲಿ ಹೊಸದೇನೂ ಅಲ್ಲ.

ಈ ತುಂಡುಗಳಿಗೆ ಎಲ್ಲರಿಗಿಂತ ಹೆಚ್ಚು ಹಾತೊರೆಯುತ್ತಿದ್ದವರು ಲಿಲ್ಲಿ ಬಾಯಿ. ಅವರ ಮನೆಮಾತು ಕೊಂಕಣಿ, ಓದು ಕನ್ನಡ. ಹಾಸಿಗೆ ಹಿಡಿದ ಅತ್ತೆಗೆ ದಿನವೂ ಮಧ್ಯಾಹ್ನ ಗಂಜಿಯಾದ ಮೇಲೆ ಗಟ್ಟಿಯಾಗಿ ಓದಿ ಹೇಳಬೇಕಿತ್ತು. ಅತ್ತೆಯನ್ನು ಅವರು ‘ಮಾಂಯ್’ ಎನ್ನುತ್ತಿದ್ದರು. ಓದು ತಪ್ಪಿದ ದಿನ ಮಾಂಯ್ ಗೋಡೆಯ ಕಡೆ ತಿರುಗಿ ಮಲಗಿ ಊಟವನ್ನೂ ಬಿಡುತ್ತಿದ್ದರಂತೆ. ಆಗ ಊರಿನಲ್ಲಿ ಓಡಾಡುತ್ತಿದ್ದುದು ಜಾನಕಿ ಎಂಬವಳ ಕಾದಂಬರಿ. ಗಂಡನ ಮನೆಯ ಕಾಟ ತಾಳಲಾರದೆ ಅವಳು ಮಗುವನ್ನು ಎತ್ತಿಕೊಂಡು ಹೊರಟು, ಪೇಟೆಯಲ್ಲಿ ಹೊಲಿಗೆ ಮಾಡಿ ಬದುಕುತ್ತಾಳೆ. ಅವಳು ತಿರುಗಿ ಹೋಗುತ್ತಾಳೋ ಇಲ್ಲವೋ ಎಂಬುದು ಮೂರನೆಯ ತುಂಡಿನಲ್ಲಿತ್ತು. ಆ ತುಂಡನ್ನು ನಾನು ಓದಿ ಕೊಟ್ಟಿದ್ದೆ, ಈಗ ಅದು ಅಡಿಕೆ ತೋಟದ ದೂಮಣ್ಣನ ಮನೆಯಲ್ಲಿತ್ತು. ಲಿಲ್ಲಿ ಬಾಯಿ ಎರಡನೆಯದನ್ನು ಮುಗಿಸಿ ಕಾಯುತ್ತಿದ್ದರು.

ಹೀಗಿರುವಾಗ ತಾಲೂಕಿನಿಂದ ಸುದ್ದಿ ಬಂತು. ತಪಾಸಣೆಗೆ ಒಬ್ಬರು ಸಾರ್ ಬರುತ್ತಾರೆ, ಕನ್ನಡದ ಕಪಾಟಿಗೆ ಓದುಗರಿಲ್ಲವೆಂದು ಕಂಡರೆ ಪುಸ್ತಕಗಳನ್ನೆಲ್ಲ ಪೇಟೆಯ ಲೈಬ್ರರಿಗೆ ಸಾಗಿಸುತ್ತಾರೆ. ನಾವಾದರೆ ಬಸ್ಸು ಹತ್ತಿ ಹೋಗಿ ಬಂದೇವು. ಮಾಂಯ್ ಒಬ್ಬರನ್ನೇ ಬಿಟ್ಟು ಲಿಲ್ಲಿ ಬಾಯಿ ಎಲ್ಲಿಗೆ ಹೋಗಬೇಕು? ಕಪಾಟು ಹೋದರೆ ಆ ಮನೆಯ ಮಧ್ಯಾಹ್ನಗಳು ಮುಗಿದ ಹಾಗೆ. ಇದು ನಮಗೆಲ್ಲರಿಗೂ ಗೊತ್ತಿತ್ತು.

ಸಾರ್ ಅವರಿಗೆ ಕನ್ನಡ ಬಾರದು. ಓದುಗರು ತಾವು ಇತ್ತೀಚೆಗೆ ಓದಿದ್ದನ್ನು ಹೇಳಬೇಕು, ಮಾಸ್ಟ್ರು ಅದನ್ನು ಮಲಯಾಳಕ್ಕೆ ದಾಟಿಸಬೇಕು ಎಂದಾಯಿತು. ಮಾಸ್ಟ್ರಿಗೆ ಚಿಂತೆ ಹತ್ತಿತು.

‘ನೀವೆಲ್ಲ ಜಾನಕಿಯದ್ದೇ ಹೇಳಿದರೆ ಇಲ್ಲಿ ಇರುವುದೇ ಒಂದು ಪುಸ್ತಕ ಅಂತ ಬರೀತಾರೆ. ಅದೂ ನಾನು ಹರಿದದ್ದು. ಒಬ್ಬೊಬ್ಬರು ಒಂದೊಂದು ಪುಸ್ತಕ ಬಾಯಿಪಾಠ ಮಾಡಿ ಬನ್ನಿ.’

ಕಪಾಟಿನಲ್ಲಿ ಯಾರೂ ಮುಟ್ಟದೆ ಉಳಿದವು ಹೊರಗೆ ಬಂದವು. ನನ್ನ ಪಾಲಿಗೆ ಹಿಮಾಲಯ ಯಾತ್ರೆ, ಲಿಲ್ಲಿ ಬಾಯಿಗೆ ಯಾವುದೋ ರಾಜವಂಶ, ದೂಮಣ್ಣನಿಗೆ ಜೇನು ಸಾಕಣೆ. ಓದುವವರಿಗೆ ಓದುವವರ ವೇಷ ಹಾಕಿಸಿದ್ದು ಬಹುಶಃ ನಮ್ಮ ಊರಿನಲ್ಲಿ ಮಾತ್ರ.

ಸಾರ್ ಬಂದರು. ನಗಲಿಲ್ಲ. ಕಪಾಟಿನ ಅಂಚನ್ನು ಬೆರಳಿನಿಂದ ಸವರಿ, ಧೂಳು ಹತ್ತಿದ ಬೆರಳನ್ನೇ ನೋಡುತ್ತ ನಿಂತರು. ಮೊದಲು ನನ್ನನ್ನು ಕರೆದರು. ಮಂಗಳೂರಿನಿಂದಾಚೆ ಕಾಣದ ನಾನು ಒಂದೇ ಉಸಿರಿಗೆ ಹಿಮಾಲಯ ಹತ್ತಿ ಇಳಿದೆ. ಅದರಲ್ಲಿ ಇಷ್ಟವಾದ ಜಾಗ ಯಾವುದು ಎಂದರು. ‘ಎಲ್ಲವೂ’ ಎಂದೆ. ಲಿಲ್ಲಿ ಬಾಯಿಯ ಅವಸ್ಥೆ ಇನ್ನೂ ಕಷ್ಟ. ರಾಜನ ಹೆಸರೇ ಮರೆತುಹೋಗಿ ಸೆರಗಿನ ತುದಿ ತಿರುಚುತ್ತ ನಿಂತುಬಿಟ್ಟರು. ಇವರು ಯಾರೂ ಓದುವವರಲ್ಲ ಎಂದು ಸಾರ್ ಮಾಸ್ಟ್ರಿಗೆ ಮಲಯಾಳದಲ್ಲಿ ಹೇಳಿದರು. ಅದು ಅರ್ಥವಾಗದೆ ಇರುವ ಸೌಕರ್ಯ ಕಾಸರಗೋಡಿನವರಿಗಿಲ್ಲ.

ಉಳಿದವರು ದೂಮಣ್ಣ. ಪೆಟ್ಟಿಗೆ ಬಿಟ್ಟು ಹಾರಿಹೋದ ಜೇನನ್ನು ಮತ್ತೆ ಕರೆಯುವುದು ಹೇಗೆ ಎಂದು ಸಾರ್ ಕೇಳಿದರು. ದೂಮಣ್ಣ ತಲೆ ಕೆರೆದುಕೊಂಡರು.

‘ಹೋದದ್ದನ್ನು ಕರೀಬಾರ್ದು ಸಾರ್. ಜಾನಕಿಯನ್ನು ಅವಳ ಅಣ್ಣ ಹೋಗಿ ಕರೆದದ್ದೇ ತಪ್ಪು. ಅವಳು ತಿರುಗಿ ಬಂದದ್ದು ಅದಕ್ಕಿಂತ ದೊಡ್ಡ ತಪ್ಪು.’

‘ಬಂದಳಾ?’ ಎಂದರು ಲಿಲ್ಲಿ ಬಾಯಿ. ‘ಆ ಮನೆಗೇ ಬಂದಳಾ?’

‘ಬಂದಳು ಮಾರಾಯ್ತಿ.’

‘ಅವಳು ಬರುವವಳಲ್ಲ. ನೀವು ಸರಿ ಓದಲಿಲ್ಲ.’

‘ಹಾಗಾದ್ರೆ ನನಗೆ ಓದ್ಲಿಕ್ಕೆ ಬರುದಿಲ್ವಾ?’

ಸುಮ್ಮನಿರಬೇಕಾದ ನಾನೂ ಬಾಯಿ ಹಾಕಿದೆ. ‘ಮಗುವಿಗೆ ಜ್ವರ ಬಂದಿತ್ತಲ್ಲ. ಅವಳಾದರೂ ಎಂತ ಮಾಡುದು?’

‘ಜ್ವರಕ್ಕೆ ಪೇಟೆಯಲ್ಲಿ ಡಾಕ್ಟ್ರು ಇಲ್ವಾ? ನಿನಗೂ ಗೊತ್ತಿತ್ತಾ ಹಾಗಾದ್ರೆ?’ ಲಿಲ್ಲಿ ಬಾಯಿಯ ಕಣ್ಣು ತುಂಬಿತ್ತು. ‘ನಾನಿನ್ನು ಮಾಂಯ್‌ಗೆ ಎಂತ ಓದಿ ಹೇಳಲಿ?’

ಮಾಸ್ಟ್ರು ಪಕ್ಕದಿಂದ ‘ಜೇನು, ಜೇನು’ ಎಂದು ಪಿಸುಗುಟ್ಟುತ್ತಿದ್ದರು. ಯಾರು ಕೇಳಬೇಕು? ಸಾರ್ ಮೇಜು ತಟ್ಟಿದ ಮೇಲೆಯೇ ನಾವು ಎಲ್ಲಿದ್ದೇವೆಂದು ನೆನಪಾದದ್ದು. ಏನು ಈ ಜಗಳ ಎಂದರು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಮಾಸ್ಟ್ರು ಜಾನಕಿಯ ಕತೆಯನ್ನೂ ಮೂರು ತುಂಡಿನ ಕತೆಯನ್ನೂ ಮಲಯಾಳದಲ್ಲಿ ಒಪ್ಪಿಸಿದರು. ಲಿಲ್ಲಿ ಬಾಯಿ ಚೀಲದಿಂದ ಎರಡನೆಯ ತುಂಡನ್ನು ತೆಗೆದು ಮೇಜಿನ ಮೇಲಿಟ್ಟರು. ಗೋಣಿದಾರದ ಹೊಲಿಗೆ, ಅಂಚಿಗೆ ಗಂಜಿಯ ಕಲೆ. ಕಪಾಟು ಹೋಯಿತು ಎಂದುಕೊಂಡೆ. ಸಾರ್ ಒಂದೊಂದೇ ಹಾಳೆ ತಿರುವುತ್ತ ಎಷ್ಟು ಹೊತ್ತು ಕುಳಿತರೋ, ನನಗಂತೂ ಮುಗಿಯದಷ್ಟು ಹೊತ್ತಾಯಿತು. ಕೊನೆಗೆ ದೂಮಣ್ಣನ ಕಡೆ ತಿರುಗಿ ಮಲಯಾಳದಲ್ಲೇ ಕೇಳಿದರು.

‘ಮಗುವಿನ ಜ್ವರ ಬಿಟ್ಟಿತಾ?’

‘ಬಿಟ್ಟಿತು ಸಾರ್.’

ಕಪಾಟು ಇಲ್ಲೇ ಇರಲಿ, ದಬ್ಬಣ ಮಾತ್ರ ಬೇಡ ಎಂದು ಮಾಸ್ಟ್ರಿಗೆ ಹೇಳಿ ಅವರು ಎದ್ದರು.

ಇಲ್ಲಿಗೆ ಮುಗಿಸಿದರೆ ನೀವು ನೆಮ್ಮದಿಯಿಂದ ಎದ್ದು ಹೋಗಬಹುದು. ಆದರೆ ಆ ವಾರ ನಾನು ಲಿಲ್ಲಿ ಬಾಯಿಯ ಮನೆಗೆ ಹೋಗಿದ್ದೆ. ಒಳಗೆ ಮೂರನೆಯ ತುಂಡಿನ ಓದು ನಡೆದಿತ್ತು. ‘ಜಾನಕಿ ಅಣ್ಣನಿಗೆ ಚಹಾ ಕೊಟ್ಟಳು. ಅವನನ್ನು ಬಸ್ಸಿಗೆ ಹತ್ತಿಸಿ ಬಂದು, ಹೊಲಿಗೆ ಯಂತ್ರದ ಮುಂದೆ ಕುಳಿತಳು.’ ಪುಸ್ತಕದಲ್ಲಿ ಹೀಗಿಲ್ಲ. ನಾನು ಬಾಗಿಲಲ್ಲೇ ನಿಂತೆ. ಲಿಲ್ಲಿ ಬಾಯಿ ನನ್ನನ್ನು ನೋಡಿದರು, ಓದು ನಿಲ್ಲಿಸಲಿಲ್ಲ. ಹಾಸಿಗೆಯಿಂದ ಮಾಂಯ್ ಮೆಲ್ಲಗೆ, ‘ಬರೆಂ ಜಾಲೆಂ’ ಎಂದರು, ಒಳ್ಳೆಯದಾಯಿತು ಎಂದು.

ಹೊರಡುವಾಗ ಲಿಲ್ಲಿ ಬಾಯಿ ಅಂಗಳದವರೆಗೆ ಬಂದರು. ‘ಮಾಂಯ್ ಒಮ್ಮೆ ಹಾಗೇ ಮನೆ ಬಿಟ್ಟು ಹೋದವರು. ಅವರ ಅಣ್ಣ ಹೋಗಿ ಕರ್ಕೊಂಡು ಬಂದದ್ದು. ಆ ಜಾನಕಿಯಾದರೂ ಬಾರದೆ ಇರಲಿ ಅಂತ ನನಗೆ.’

ಇವತ್ತೂ ಭಾನುವಾರ. ಪ್ರಶ್ನೆ ಬಂದು ಕುಳಿತಿದೆ. ಕೈಯಲ್ಲಿರುವ ಕಾದಂಬರಿಯನ್ನು ಬೇಗ ಮುಗಿಸಿ ಗುಂಪಿಗೆ ಹೆಸರು ಹಾಕಬೇಕೆಂದು ಓಡೋಡಿ ಓದುತ್ತಿದ್ದೆ. ಯಾರಿಗಾಗಿ ಈ ಓಟ ಎಂದು ನನ್ನ ಮೇಲೇ ಸಿಟ್ಟು ಬಂತು. ಮೊಬೈಲು ಕವುಚಿಟ್ಟು ಹೊರಗಿನ ಕೋಣೆಗೆ ಹೋದೆ. ನನ್ನ ಅತ್ತೆ ಟಿವಿ ನೋಡುತ್ತಿದ್ದರು.

‘ಅತ್ತೆ, ಒಂದು ಕತೆ ಓದಿ ಹೇಳಲಾ?’

ಅವರು ಆಶ್ಚರ್ಯದಿಂದ ನೋಡಿ ಟಿವಿ ಆರಿಸಿದರು. ‘ಕೊನೆ ಒಳ್ಳೇದುಂಟಾ?’

‘ನಾನೂ ಇನ್ನು ಓದಬೇಕಷ್ಟೆ,’ ಎಂದು ಅವರ ಪಕ್ಕ ಕುಳಿತೆ. ‘ನಿಮಗೆ ಹೇಗೆ ಆಗಬೇಕು, ಹೇಳಿ.’