ಮಾವನ ಗುಡಿ ಮೇಲೆ ದೊಡ್ಡಮ್ಮನ ಮುಖ

ನಮ್ಮ ಮನೆತನದಲ್ಲಿ ಬ್ಲಾಗ್ ಬರೆಯುವ ಚಟ ಇಬ್ಬರಿಗಿದೆ. ಸಿರುಗುಪ್ಪದ ದೊಡ್ಡಮ್ಮ ತಾನು ಉಂಡುಬಂದ ಮದುವೆ ಊಟಗಳ ವಿಮರ್ಶೆ ಬರೆಯುತ್ತಾಳೆ. ಅವಳ ತಮ್ಮ, ಕುರುಗೋಡಿನಲ್ಲಿರುವ ನನ್ನ ಸೋದರಮಾವ, ನಿವೃತ್ತ ಉಪನ್ಯಾಸಕ. ಹಳೆಯ ಗುಡಿಗಳ ಕಂಬಗಳ ಬಗ್ಗೆ ಬರೆಯುತ್ತಾನೆ. ಅವಳನ್ನು ಓದಲು ಜನ ಕಾಯುತ್ತಾರೆ. ಅವನನ್ನು ಅವನೇ ಓದುತ್ತಾನೆ. ಮಾವನ ಮಗಳ ಮದುವೆಯ ಸಾರಿನಲ್ಲಿ ಬೇಳೆ ಹುಡುಕಬೇಕಾದರೆ ಈಜು ಬರಬೇಕು ಎಂದು ದೊಡ್ಡಮ್ಮ ಬರೆದ ಮೇಲೆ ಇಬ್ಬರಿಗೂ ಮಾತಿಲ್ಲ.

ಬಳ್ಳಾರಿ ಕಂಟೋನ್ಮೆಂಟಿನ ಮನೆಯಲ್ಲಿ ಕೂತು ಒಂದು ಕಂಪನಿಯ ಸರ್ವರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸವಾದ್ದರಿಂದ ಎರಡೂ ಬ್ಲಾಗು ನನ್ನ ಕೊರಳಿಗೇ ಬಿದ್ದವು. ಕ್ಲೌಡಿನಲ್ಲಿ ಬಾಡಿಗೆಗೆ ಒಂದೊಂದು ಸರ್ವರ್ ಹಿಡಿದು, ಬೇಕಾದ ತಂತ್ರಾಂಶವನ್ನೆಲ್ಲ ಕೈಯಾರೆ ಹಾಕಿಕೊಟ್ಟಿದ್ದೆ. ಕೆಟ್ಟರೆ ಮತ್ತೆ ಮೊದಲಿಂದ. ಪ್ರತಿ ಸಲವೂ ಏನಾದರೊಂದು ಮರೆಯುತ್ತಿದ್ದೆ. ಅವರ ಫೋನು ಮಾತ್ರ ಮರೆಯದೆ ಬರುತ್ತಿತ್ತು.

ಬಿಸಿಲಿಗೆ ಹೊರಗೆ ಕಾಲಿಡಲಾರದ ಒಂದು ಭಾನುವಾರ ಎಲ್ಲವನ್ನೂ ಆಟೊಮೇಟ್ ಮಾಡಲು ಕೂತೆ. ಹೊಸ ಸರ್ವರಿನಲ್ಲಿ ಏನೇನಿರಬೇಕು ಎಂದು ಒಂದು ಫೈಲಿನಲ್ಲಿ ಬರೆದಿಟ್ಟರೆ, ಅದನ್ನು ಓದಿ ತಾನೇ ಜೋಡಿಸುವ ಸಾಧನಗಳಿವೆ. ಆಫೀಸಿಗೆ ದಿನಾ ಬಳಸುತ್ತೇನೆ. ಬಂಧುಗಳಿಗೆಂದರೆ ಅಷ್ಟು ಶ್ರದ್ಧೆ ಇರಲಿಲ್ಲ. ಇಬ್ಬರಿಗೂ ಬೇಕಾದ್ದನ್ನು ಒಂದೇ ಫೈಲಿನಲ್ಲಿ ಬರೆದು, ಅವರವರ ಹೆಸರು, ಫೋಟೋಗಳಿಗೆ ಬೇರೆ ಫೈಲು ಮಾಡಿದೆ. ಆಜ್ಞೆ ಕೊಟ್ಟು ಚಹಾ ಕುಡಿಯುವಷ್ಟರಲ್ಲಿ ಎರಡೂ ಸರ್ವರು ಎದ್ದು ನಿಂತವು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆಗ ಮಾವನ ಫೋನು ಬಂತು.

"ಅಲ್ಲವ್ವ, ನನ್ನ ಗುಡಿ ಮ್ಯಾಲ ಅಕಿ ಮಾರಿ ಯಾಕ ಕುಂತೈತಿ?"

ಅವನ ಬ್ಲಾಗು ತೆರೆದು ನೋಡಿದೆ. ದೊಡ್ಡಮ್ಮ ಜಿಲೇಬಿ ಹಿಡಿದು ನಗುತ್ತಿದ್ದಳು. ಅವಳ ಕೆಳಗೆ ಕಂಬದ ಕೆತ್ತನೆ. ಅವಳ ಫೋಟೋ ಇಬ್ಬರಿಗೂ ಸೇರಿದ ಫೈಲಿನಲ್ಲೇ ಉಳಿದುಬಿಟ್ಟಿತ್ತು, ಸಾಧನ ಬರೆದದ್ದನ್ನು ಚಾಚೂ ತಪ್ಪದೆ ಮಾಡಿತ್ತು. ಆ ಸಾಲು ಕಿತ್ತು ಮತ್ತೆ ಆಜ್ಞೆ ಕೊಟ್ಟೆ, ಸರಿಹೋಯಿತು.

ಆದರೆ ಅದಕ್ಕೂ ಮೊದಲು, ನಗು ತಡೆಯಲಾರದೆ, ಆ ಪುಟದ ಚಿತ್ರವನ್ನು ದೊಡ್ಡಮ್ಮನಿಗೆ ಕಳಿಸಿದ್ದೆ. ಅವಳು ಮೊದಲ ಬಾರಿಗೆ ತಮ್ಮನ ಬ್ಲಾಗಿಗೆ ಹೋಗಿ, ಕೂತು ಓದಿ, ಕೆಳಗೆ ಬರೆದಳು: "ಚಲೋ ಬರ್ದೀಯಪ್ಪ. ಆದ್ರ ಓದ್ಕೋತ ಕಂಬ ಮುಟ್ಟೂದ್ರಾಗ ಹಸಿವಿ ಆಗತೈತಿ."

ಅದನ್ನು ಅಳಿಸು ಎಂದು ಮಾವ ಫೋನಿನಲ್ಲಿ ಕೂಗಾಡಿದ. ನಾನು ಲ್ಯಾಪ್‌ಟಾಪ್ ತೆರೆಯುವುದರೊಳಗೆ ಅವನೇ ಉತ್ತರ ಬರೆದಾಗಿತ್ತು: ಉಣ್ಣಲಿಕ್ಕೆಂದೇ ಹುಟ್ಟಿದವರಿಗೆ ಕಲ್ಲು ಅರಗುವುದಿಲ್ಲವಂತೆ. ಅವಳು ಬಿಡುತ್ತಾಳೆಯೇ? ಈಗಲೂ ಅವರು ಫೋನಿನಲ್ಲಿ ಮಾತಾಡುವುದಿಲ್ಲ. ಜಗಳವೆಲ್ಲ ಅಲ್ಲೇ, ಕಂಬಗಳ ಬುಡದಲ್ಲಿ. ನೋಡಲು ಜನ ಸೇರುತ್ತಾರೆ. ಬಂದ ತಪ್ಪಿಗೆ ಕೆಲವರು ಕಂಬಗಳ ಬಗ್ಗೆಯೂ ಓದುತ್ತಾರೆ.

ಜನ ಹೆಚ್ಚಾದದ್ದರಿಂದ ಮೊನ್ನೆ ಮಾವನ ಬ್ಲಾಗನ್ನು ಇನ್ನೂ ದೊಡ್ಡ ಸರ್ವರಿಗೆ ಸಾಗಿಸಬೇಕಾಯಿತು. ಬರಹಗಳೆಲ್ಲ ಸುರಕ್ಷಿತವಾಗಿ ಬಂದವೆಂದು ತಿಳಿಸಿದೆ. ಅವನು ಕೇಳಿದ್ದು ಒಂದೇ ಮಾತು.

"ಅಕಿ ಬೈದದ್ದೂ ಬಂದೈತೇನು?"

"ಎಲ್ಲಾ ಬಂದೈತಿ, ಮಾವ."

"ಇರ್ಲಿ ಬಿಡು," ಎಂದು ಫೋನಿಟ್ಟ.