ಏಳು ಗಂಟೆ ಬಸ್ಸಿನವರಿಗೆ ಹೇಳಿದ ಕಥೆ

ಅಜ್ಜಂಪುರದ ವನಜಾಕ್ಷಿ ರವಿಕೆ ಹೊಲಿಯುವುದರಲ್ಲಿ ಎಷ್ಟು ಕಟ್ಟುನಿಟ್ಟೋ ಸಿನಿಮಾ ನೋಡುವುದರಲ್ಲೂ ಅಷ್ಟೇ. ತಿಂಗಳ ಎರಡನೇ ಭಾನುವಾರ ಅಂಗಡಿಗೆ ಬೀಗ ಹಾಕಿ, ತರೀಕೆರೆಯ ನಮ್ಮ ಚಿತ್ರ ಬಳಗಕ್ಕೆ ಬಂದು ಮೊದಲ ಸಾಲಿನಲ್ಲಿ ಕೂರುತ್ತಿದ್ದರು. ಪರದೆಯ ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಓದಲು ಅವರಿಗೆ ಬರುತ್ತಿರಲಿಲ್ಲ. ಅದಕ್ಕೇ ನಾನಿದ್ದೆ, ಓಂಕಾರೇಶ್ ಮೇಷ್ಟ್ರು. ನಿವೃತ್ತನಾದರೂ ಮೈಕು ಸಿಕ್ಕರೆ ಬಿಡುವವನಲ್ಲ. ಪರದೆಯ ಪಕ್ಕ ನಿಂತು ಕನ್ನಡದಲ್ಲಿ ಕಥೆ ಹೇಳುವುದು ನನ್ನ ಕೆಲಸ.

ಕಳೆದ ವರ್ಷ, ರಷ್ಯದ ಹಳೆಯ ಕಾದಂಬರಿಗಳನ್ನು ಬೇರೆ ಬೇರೆ ದೇಶದವರು ಸಿನಿಮಾ ಮಾಡಿದ್ದನ್ನೇ ತೋರಿಸಿದೆವು. ಒಂದೊಂದೂ ಮೂರು ಮೂರು ಗಂಟೆ. ಅಜ್ಜಂಪುರದ ಕೊನೆಯ ಬಸ್ಸು ಏಳಕ್ಕೆ. ಹೀಗಾಗಿ ಆರೂವರೆಗೆ ಸಿನಿಮಾ ನಿಲ್ಲಿಸಿ, ಬಸ್ಸಿನವರಿಗೆ ಮುಂದಿನ ಕಥೆಯನ್ನು ನಾನು ಬಾಯಲ್ಲೇ ಹೇಳಿ ಕಳಿಸುವುದು ರೂಢಿಯಾಯಿತು. ಊರಿನವರು ಉಳಿದು ಮಿಕ್ಕಿದ್ದನ್ನು ನೋಡುತ್ತಿದ್ದರು. ಸಿನಿಮಾವನ್ನು ನಾನು ಮೊದಲೇ ನೋಡಿಕೊಂಡಿರಬೇಕು ಎಂದು ಅನ್ನಿಸಲೇ ಇಲ್ಲ. ಕಾದಂಬರಿಗಳನ್ನು ಕನ್ನಡದಲ್ಲಿ ಎರಡೆರಡು ಸಲ ಓದಿದ್ದೆನಲ್ಲ, ಅದರ ಜಂಬ.

ಫೆಬ್ರವರಿಯಲ್ಲಿ ಜಪಾನಿನವರ ಸಿನಿಮಾ. ತಂಗಿಯನ್ನು ಮನೆಯಿಂದ ಹೊರಹಾಕಿದ್ದ ಅಕ್ಕ, ವರ್ಷಗಳ ಮೇಲೆ ಹಿಮದಲ್ಲಿ ನಡೆದು ಹೋಗಿ ಅವಳ ಬಾಗಿಲು ತಟ್ಟುತ್ತಾಳೆ. ಅಲ್ಲಿಗೆ ಆರೂವರೆ.

"ಆಮೇಲೆ?" ವನಜಾಕ್ಷಿ ಕೇಳಿದರು.

"ತಂಗಿ ಬಾಗಿಲು ತೆಗೆಯಲ್ಲಮ್ಮ. ಅಕ್ಕ ಹಂಗೇ ವಾಪಸ್ ಹೋಗ್ತಾಳೆ," ಎಂದೆ. ಕಾದಂಬರಿಯಲ್ಲಿ ಹಾಗೇ ಇತ್ತು.

"ಹಂಗಾದ್ರೆ ಹೋಗಿದ್ದೇ ದಂಡ, ಬಿಡಿ ಸಾರ್," ಎಂದು ಬಸ್ಸಿಗೆ ಓಡಿದರು.

ಉಳಿದದ್ದನ್ನು ನೋಡುತ್ತ ನನ್ನ ಮುಖ ಬಿಸಿಯಾಯಿತು. ಜಪಾನಿನವರು ಕೊನೆಯನ್ನು ಬದಲಿಸಿದ್ದರು. ತಂಗಿ ಬಾಗಿಲು ತೆಗೆದಳು. ಪ್ರೊಜೆಕ್ಟರ್ ನೋಡಿಕೊಳ್ಳುವ ಸಿದ್ದೇಶ್, "ಸಾರ್, ವನಜಾಕ್ಷಕ್ಕಂಗೆ ಒಂದು ಫೋನ್ ಮಾಡ್ಬಿಡಿ," ಎಂದ. ತಪ್ಪು ಹೇಳಿದೆ ಅಂತ ಮೇಷ್ಟ್ರು ಬಾಯಿಬಿಡುವುದು ಹೇಗೆ? ಮಾಡಲಿಲ್ಲ.

ಮುಂದಿನ ಎರಡು ತಿಂಗಳು ಅವರು ಬರಲಿಲ್ಲ. ಯಗಟಿಯಲ್ಲಿದ್ದ ಅವರ ತಂಗಿ ತ್ರಿವೇಣಿ ಆ ಸಿನಿಮಾ ಆದ ಮೂರೇ ವಾರಕ್ಕೆ ತೀರಿಹೋದಳೆಂದು ಸಿದ್ದೇಶನೇ ಹೇಳಿದ. ತನ್ನಿಷ್ಟದವನನ್ನು ಮದುವೆಯಾದಳೆಂದು ಅಕ್ಕ ಹನ್ನೊಂದು ವರ್ಷ ಅವಳ ಮುಖ ನೋಡಿರಲಿಲ್ಲವಂತೆ. ಮರುದಿನ ಮಧ್ಯಾಹ್ನ ಅಜ್ಜಂಪುರಕ್ಕೆ ಹೋಗಿ, ಅವರ ಅಂಗಡಿಯ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಒಪ್ಪಿಕೊಂಡೆ.

ವನಜಾಕ್ಷಿ ಗೋಡೆಗೆ ತೂಗುಹಾಕಿದ್ದ ಎರಡು ಹೊಸ ರವಿಕೆ ತೋರಿಸಿದರು. "ಅವಳಿಗೇ ಹೊಲ್ದಿದ್ದು. ಸಿನಿಮಾದ ಮಾರನೇ ದಿನ ತಗೊಂಡು ಹೋಗ್ಬೇಕು ಅಂತಿದ್ದೆ."

"ನನ್ನಿಂದ ಹಿಂಗಾಯ್ತಲ್ಲಮ್ಮ."

"ಅವಳು ಬಾಗಿಲು ತೆಗೀತಿದ್ಲು ಅಂತ ನಂಗೊತ್ತಿರ್ಲಿಲ್ವಾ ಸಾರ್? ನನ್ ತಂಗಿ ಕಣ್ರೀ. ಹೋಗ್ದೆ ಇರೋಕೆ ಒಂದು ನೆಪ ಬೇಕಿತ್ತು. ನೀವು ಕೊಟ್ರಿ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ನೆಪ ನನ್ನ ಬಾಯಿಂದಲೇ ಬಂದದ್ದು. ಅದನ್ನು ವಾಪಸ್ಸು ತೆಗೆದುಕೊಳ್ಳಲು ಒಂದು ಫೋನ್ ಸಾಕಿತ್ತು.

ಆಮೇಲೆ ಅವರೇ ಕೇಳಿದರು: "ಬಾಗಿಲು ತೆಗೆದ್ಮೇಲೆ ತಂಗಿ ಏನಂದ್ಲು?"

ಈ ಸಲ ಪರದೆಯ ಮೇಲೆ ಕಂಡಿದ್ದನ್ನಷ್ಟೇ ಹೇಳಿದೆ. "ಏನೂ ಅನ್ಲಿಲ್ಲಮ್ಮ. ಕೂರಿಸಿ, ಅಕ್ಕನ ಒದ್ದೆ ಕಾಲು ಒರೆಸಿದ್ಲು."

ವನಜಾಕ್ಷಿ ಹೊಲಿಗೆ ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತರು. ಹೊರಗೆ ತರೀಕೆರೆಯ ಬಸ್ಸು ಹಾರ್ನ್ ಹೊಡೆಯಿತು. ನಾನು ಕೂತಲ್ಲೇ ಕೂತಿದ್ದೆ.