ಕುದಿಸಿದರೂ ಸಾಯದ ಬ್ಯಾಕ್ಟೀರಿಯಾ

ಒಣಹುಲ್ಲಿನ ಆ ಬ್ಯಾಕ್ಟೀರಿಯಾವನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಮೂವತ್ತರ ದಶಕದಲ್ಲಿ ಕೊಯಮತ್ತೂರಿನ ಒಂದು ಮಣ್ಣಿನ ಪ್ರಯೋಗಾಲಯದಲ್ಲಿ ನಾನು ಹಂಗಾಮಿ ಸಹಾಯಕ. ಕಡಲೆಕಾಯಿ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾವನ್ನು ಬೇರೇನೂ ಬೆರೆಯದಂತೆ ಗಾಜಿನ ತಟ್ಟೆಯಲ್ಲಿ ಬೆಳೆಸಿ ತೋರಿಸಬೇಕಿತ್ತು. ತೋರಿಸಿದರೆ ಕೆಲಸ ಕಾಯಂ, ಇಲ್ಲವಾದರೆ ದೀಪಾವಳಿ ಕಳೆದ ಮೇಲೆ ಬರಬೇಡ ಎಂದು ಅಧಿಕಾರಿ ಹೇಳಿಬಿಟ್ಟಿದ್ದರು. ಬರಬೇಡ ಎಂದರೆ ಮನೆಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿಗೆ ಮತ್ತೆ ಇಳಿ ಎಂದೇ ಅರ್ಥ. ನಮ್ಮ ಮನೆಯಲ್ಲಿ ಅದರಿಂದ ಹತ್ತಿ ಬಂದವನು ನಾನೊಬ್ಬನೇ.

ನನಗೆ ಬೇಕಾದದ್ದು ತಟ್ಟೆಯಲ್ಲಿ ಕಣ್ಣಿಗೆ ಬೀಳಲು ನಾಲ್ಕು ದಿನ ಹಿಡಿಯುತ್ತಿತ್ತು. ಬೇಡದ ಈ ಒಣಹುಲ್ಲಿನದಕ್ಕೆ ಒಂದೇ ದಿನ ಸಾಕು. ಬೆಳಿಗ್ಗೆ ಬಂದು ನೋಡಿದರೆ ಬೂದುಬಿಳಿ ಬಣ್ಣದಲ್ಲಿ, ಹಾಲಿನ ಕೆನೆ ಸುಕ್ಕುಗಟ್ಟಿದ ಹಾಗೆ ಹರಡಿಕೊಂಡಿರುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ಅದೇ ಕಡ್ಡಿಗಳ ಸಾಲು. ಮಣ್ಣು, ಹುಲ್ಲು, ಧೂಳು, ಎಲ್ಲಿ ನೋಡಿದರೂ ಇದೆ. ಆಹಾರ ಮುಗಿಯಿತೆಂದರೆ ಕಡ್ಡಿಯೊಳಗೇ ಗಟ್ಟಿ ಚಿಪ್ಪಿನ ಬೀಜಕವೊಂದನ್ನು ಕಟ್ಟಿಕೊಂಡು ಕೂತುಬಿಡುತ್ತದೆ. ಆಮೇಲೆ ಕುದಿಸಿದರೂ ಜಗ್ಗುವುದಿಲ್ಲ. ವಿದ್ಯಾರ್ಥಿಗಳಿಗೆ ತೋರಿಸಲು ಅಧಿಕಾರಿ ಇದನ್ನೇ ಬೇಕೆಂದು ಬೆಳೆಸುತ್ತಿದ್ದರು. ಒಣಹುಲ್ಲು ನೆನೆಸಿದ ನೀರನ್ನು ಕುದಿಸಿದರೆ ಮಿಕ್ಕವೆಲ್ಲ ಸತ್ತು ಇದೊಂದು ಏಳುತ್ತಿತ್ತು. ಬಣ್ಣ ಹಾಕಿದರೆ ನೀಲಿ ಕಡ್ಡಿಯೊಳಗೆ ಕೆಂಪು ಚುಕ್ಕೆ. ವಿದ್ಯಾರ್ಥಿಗಳೆಲ್ಲ ಚೆನ್ನಾಗಿದೆ ಎನ್ನುತ್ತಿದ್ದರು. ನಾನು ಅದರಿಂದಲೇ ಕೆಟ್ಟ ತಟ್ಟೆಗಳನ್ನು ತೊಳೆಯುತ್ತಿದ್ದೆ.

ಒಂದು ದಿನದ ಹಬೆ ಸಾಲದೆಂದು ತಟ್ಟೆಗೆ ಹೊಯ್ಯುವ ಆಹಾರಕ್ಕೆ ಸತತ ಮೂರು ದಿನ ಹಬೆ ಕೊಟ್ಟೆ. ಬೀಜಕ ಮೊಳೆತರೆ ಮರುದಿನದ ಹಬೆಗೆ ಸಿಕ್ಕಿ ಸಾಯಲಿ ಎಂದು ಲೆಕ್ಕ. ಮುಚ್ಚಿಟ್ಟ ತಟ್ಟೆಗಳು ಶುದ್ಧವಾಗಿಯೇ ಉಳಿದವು. ಜವಾನ ಮುಚ್ಚಳ ಎತ್ತಿದವೂ ಕೆಡಲಿಲ್ಲ. ನಾನು ಎತ್ತಿದವು ಮಾತ್ರ ಕೆಟ್ಟವು! ನನ್ನ ಕೈಗೇ ಶನಿ ಹಿಡಿದಿದೆ ಅಂದುಕೊಂಡೆ. ಸಿಟ್ಟಿನಿಂದ ಶರ್ಟಿನ ತೋಳು ಮಡಿಸಲು ಹೋದಾಗ ಬಟ್ಟೆಯಿಂದ ಬಿಳಿ ಪುಡಿ ಉದುರಿತು.

ಗಂಜಿ. ನೂಲಿಗೆ ಹಚ್ಚಲು ಅವ್ವ ಮಡಕೆಯಲ್ಲಿ ಇಟ್ಟು ಹುಳಿ ಬರಿಸುವ ಗಂಜಿ. ಹಳೆಯದರಲ್ಲಿ ಒಂದು ಸೌಟು ಬೆರೆಸದೆ ಅವಳು ಹೊಸದನ್ನು ಕಾಯಿಸಿದ್ದೇ ಇಲ್ಲ. ಹಾಗೆ ಮಾಡಿದರೇ ನೂಲಿಗೆ ಬಿಗಿ ಬರುವುದು ಎಂಬ ನಂಬಿಕೆ. ನನ್ನ ಶರ್ಟಿಗೂ ಅದೇ. ಒಂದು ತಟ್ಟೆಯ ಮೇಲೆ ತೋಳು ಕೊಡವಿ ಮುಚ್ಚಿಟ್ಟೆ. ಮರುದಿನ ತಟ್ಟೆ ತುಂಬ ಅದೇ ಸುಕ್ಕುಗಟ್ಟಿದ ಕೆನೆ.

“ಅವ್ವಾ, ಇನ್ಮೇಲೆ ನನ್ ಶರ್ಟ್‌ಗೆ ಗಂಜಿ ಬೇಡ. ಅದ್ರಲ್ಲಿ ಕಣ್ಣಿಗೆ ಕಾಣದ ಹುಳ, ಪೂಚಿ ಇದೆ.”

“ಕೊತಕೊತ ಅಂತ ಕುದಿಸಿದ್ದೀನಿ. ಯಾವ ಪೂಚಿ ಬದುಕ್ತದೆ ಕಣ್ಣು?” ಎಂದಳು. ಮುದ್ದಿಗೆ ಅವಳು ನನ್ನನ್ನು ಕರೆಯುತ್ತಿದ್ದದ್ದೇ ಕಣ್ಣು ಎಂದು.

ಕುದಿಸಿದರೂ ಅದು ಸಾಯುವುದಿಲ್ಲವೆಂದು ಮೂರು ತಿಂಗಳು ಕೆಟ್ಟು ಕಂಡವನು ನಾನು. ವಿವರಿಸುವ ತಾಳ್ಮೆ ಇರಲಿಲ್ಲ. “ಎಲ್ಲ ಕೆಟ್ಟಿದ್ದು ನಿನ್ನಿಂದ್ಲೇ!” ಎಂದು ಕೂಗಿಬಿಟ್ಟೆ. ಅಂದೇ ಅವಳು ನನ್ನ ಶರ್ಟುಗಳನ್ನೆಲ್ಲ ಬರೀ ನೀರಲ್ಲಿ ಒಗೆದು ಹಾಕಿದಳು.

ದೀಪಾವಳಿಗೆ ಮುಂಚೆಯೇ ತಟ್ಟೆಗಳು ಶುದ್ಧವಾದವು, ಕೆಲಸ ಕಾಯಂ ಆಯಿತು. ಮನೆಗೆ ಓಡಿಬಂದು ಹೇಳಿದೆ. ಅವ್ವ ಜೋತುಬಿದ್ದ ನನ್ನ ಕಾಲರನ್ನು ಕೈಯಿಂದ ನೇರ ಮಾಡಲು ನೋಡಿದಳು. ಅದು ನಿಲ್ಲಲಿಲ್ಲ.

“ನೀನು ಮುಖ ಬಾಡಿಸ್ಕೊಂಡು ಬಂದ ದಿನವೆಲ್ಲ ಗಂಜಿ ಒಂದು ಕೈ ಜಾಸ್ತೀನೇ ಹಾಕ್ದೆ ಕಣ್ಣು,” ಎಂದಳು. “ಆ ನಿನ್ನ ಆಫೀಸಿನ ದೊರೆ ಕಣ್ಣಿಗೆ ಚೆನ್ನಾಗಿ ಕಾಣ್ಲಿ ಅಂತ.”